ಮುಪ್ಪಿನ ಬಲಕ್ಕೊಂದು ಅಳತೆ



ಗಡಿಯಲ್ಲಿ ಬಾಳುವ ನಮಗೆ ಎರಡು ಭಾಷೆ ರೂಢಿ. ಸಂತೆಗೆ, ಕಚೇರಿಗೆ ಒಂದು, ಮನೆಯೊಳಗೆ ಒಂದು. ಆದರೆ ಮೈಗೆ ಹುಷಾರಿಲ್ಲದಾಗ ನಾಲಗೆಗೆ ಬರುವುದು ಮನೆಯ ಮಾತೇ. ಹಿರಿಯರಿಗಂತೂ ಬೇರೆ ಮಾತು ಹೊಳೆಯುವುದೇ ಇಲ್ಲ. ಮಡಕಶಿರಾ ಸೀಮೆಯ ಕನ್ನಡದ ಅಜ್ಜಿಯೊಬ್ಬರು ತೆಲುಗು ವೈದ್ಯರ ಮುಂದೆ ಕುಳಿತು 'ಆಯಾಸ ಆಗ್ತದೆ ಸ್ವಾಮಿ' ಎಂದರು ಎಂದಿಟ್ಟುಕೊಳ್ಳಿ. ಅವರು ಹೇಳಿದ್ದು ದಣಿವಿನ ಸಂಗತಿ. ತೆಲುಗಿನಲ್ಲಿ 'ಆಯಾಸಂ' ಎಂದರೆ ಏದುಸಿರು. ವೈದ್ಯರು ಎದೆ, ಉಸಿರು ನೋಡಿ ಕಳಿಸಿಯಾರು. ಸೋತಿರುವ ಕಾಲಿನ ಮಾತು ಅಲ್ಲೇ ಉಳಿದೀತು. ಕಾಸರಗೋಡಿನ ಕಡೆ ಬನ್ನಿ. ಮಲಯಾಳದಲ್ಲಿ 'ಕ್ಷೀಣಂ' ಎಂದರೆ ಸಾಮಾನ್ಯ ದಣಿವೂ ಆದೀತು. ಕನ್ನಡದ ಕಿವಿಗೆ 'ಕ್ಷೀಣ' ಎಂದರೆ ಸವೆದು ಸಣ್ಣಗಾದದ್ದು. ಮಾತು ಒಂದೇ, ಅರ್ಥ ಬೇರೆ.

ಇನ್ನು ಮಾತು ಸರಿಯಾಗಿಯೇ ತಲುಪಿತು ಎನ್ನೋಣ. ಆಗ ಸಿಗುವ ಉತ್ತರ ಎಲ್ಲ ಭಾಷೆಗಳಲ್ಲೂ ಒಂದೇ: 'ವಯಸ್ಸಾಯಿತಲ್ಲ, ಇನ್ನೇನು!' ಜ್ವರಕ್ಕೆ ಥರ್ಮಾಮೀಟರ್ ಇದೆ, ರಕ್ತದೊತ್ತಡಕ್ಕೆ ಯಂತ್ರವಿದೆ. ಕೈಕಾಲಿನ ಶಕ್ತಿಗೆ ಅಂಥದೊಂದು ಅಳತೆ ಇದೆಯೇ? ಸೂಜಿ ಚುಚ್ಚದೆ, ಮೈ ಕೊಯ್ಯದೆ, ನೋವು ಮಾಡದೆ ಹಿರಿಯರ ಬಲವನ್ನು ಅಳೆಯಬಹುದೇ? ಅಳೆಯಬಹುದು. ಆ ಅಳತೆಗೆ ಇನ್ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದನ್ನೇ ಇಂದು ತಮ್ಮ ಮುಂದಿಡುತ್ತೇನೆ.

ಬಲವನ್ನು ಪರೀಕ್ಷಿಸುವ ರೂಢಿ ನಮ್ಮಲ್ಲೂ ಹಳೆಯದೇ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಕೇಳುಗರಿಗೆ ಸಂಗ್ರಾಣಿ ಕಲ್ಲು ಗೊತ್ತಿರುವ ವಸ್ತು. ಹಬ್ಬ ಜಾತ್ರೆಗಳಲ್ಲಿ ಹುಡುಗರು ಗುಂಡುಕಲ್ಲು ಎತ್ತುತ್ತಾರೆ, ಜೋಳದ ಚೀಲ ಹೊರುತ್ತಾರೆ. ಆದರೆ ಈ ಪರೀಕ್ಷೆಗೆ ಇರುವುದು ಎರಡೇ ಫಲ. ಎತ್ತಿದರೆ ಗಟ್ಟಿಗ, ಎತ್ತದಿದ್ದರೆ ಅಲ್ಲ. ಎಷ್ಟು ಕಡಿಮೆ, ಹೋದ ವರ್ಷಕ್ಕಿಂತ ಎಷ್ಟು ಇಳಿಯಿತು ಎಂದು ಕಲ್ಲು ಹೇಳುವುದಿಲ್ಲ. ಮೇಲಾಗಿ ಅದು ಹರೆಯದವರ ಪಂದ್ಯ. ಅರವತ್ತು ದಾಟಿದವರನ್ನು ಆ ಕಣಕ್ಕೆ ಯಾರೂ ಕರೆಯುವುದಿಲ್ಲ.

ಯೂರೋಪಿನಲ್ಲೂ ಮೊದಲು ಹೀಗೆಯೇ ಇತ್ತು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಡೆಸಾಗುಲಿಯೆ ಎಂಬ ವಿಜ್ಞಾನಿ ಹೆಸರಾಂತ ಬಲಶಾಲಿಗಳ ಸಾಹಸಗಳನ್ನು ಪರೀಕ್ಷಿಸಿ ಬರೆದಿಟ್ಟ. ಗಡಿಯಾರ ಮಾಡುವುದರಲ್ಲಿ ನಿಪುಣನಾಗಿದ್ದ ಜಾರ್ಜ್ ಗ್ರಹಾಂ ಬಲ ಅಳೆಯುವ ಯಂತ್ರವೊಂದನ್ನು ಕಟ್ಟಿದ್ದ. ಅದು ಮರದ ದೊಡ್ಡ ಚೌಕಟ್ಟು, ಎತ್ತಿಕೊಂಡು ತಿರುಗುವಂಥದ್ದಲ್ಲ. ಮುಂದೆ ಫ್ರಾನ್ಸಿನ ನಿಸರ್ಗ ವಿಜ್ಞಾನಿ ಬಫನ್, ಮನುಷ್ಯನ ಬಲ ವಯಸ್ಸಿಗೆ ತಕ್ಕಂತೆ ಹೇಗೆ ಏರಿ ಇಳಿಯುತ್ತದೆ ಎಂದು ತಿಳಿಯಲು ಸುಲಭವಾಗಿ ಒಯ್ಯಬಹುದಾದ ಉಪಕರಣ ಬೇಕು ಎಂದ. ಆ ಕೆಲಸವನ್ನು ಕೈಗೆತ್ತಿಕೊಂಡವನು ಎಡ್ಮೆ ರೆನಿಯೇ ಎಂಬ ಯಂತ್ರಕುಶಲಿ. 1798ರಲ್ಲಿ ಅವನು ತನ್ನ ಉಪಕರಣದ ವಿವರ ಪ್ರಕಟಿಸಿದ. ಮೊಟ್ಟೆಯಾಕಾರಕ್ಕೆ ಬಾಗಿಸಿದ ಉಕ್ಕಿನ ಪಟ್ಟಿ, ನಡುವೆ ಅಂಕಿಗಳ ಮುಖ, ಮೇಲೊಂದು ಮುಳ್ಳು. ಎರಡು ಕೈಯಿಂದ ಹಿಡಿದು ಅದುಮಿದರೆ ಪಟ್ಟಿ ಬಾಗುತ್ತದೆ, ಮುಳ್ಳು ಸರಿಯುತ್ತದೆ. ಉದ್ದಕ್ಕೆ ಎಳೆದರೆ ಬೆನ್ನಿನ ಬಲ ತಿಳಿಯುತ್ತದೆ. ಇದೇ ಡೈನಮೋಮೀಟರ್; ನಮ್ಮ ಮಾತಿನಲ್ಲಿ ಬಲಮಾಪಕ.

ಈ ಬಲಮಾಪಕ ಬಹು ಬೇಗ ಹಡಗು ಹತ್ತಿತು. 1800ರಲ್ಲಿ ಬೋಡಿನ್ ಎಂಬ ಕಪ್ತಾನನ ನೇತೃತ್ವದಲ್ಲಿ ಫ್ರೆಂಚರ ತಂಡವೊಂದು ಆಸ್ಟ್ರೇಲಿಯದತ್ತ ಹೊರಟಿತು. ತಂಡದಲ್ಲಿದ್ದ ಫ್ರಾನ್ಸ್ವಾ ಪೆರಾನ್ ಎಂಬ ತರುಣ ವಿಜ್ಞಾನಿ ಟಾಸ್ಮೇನಿಯ ಹಾಗೂ ಆಸ್ಟ್ರೇಲಿಯದ ಮೂಲನಿವಾಸಿಗಳ, ಟಿಮೋರ್ ದ್ವೀಪದವರ ಕೈಗೆ ಬಲಮಾಪಕ ಕೊಟ್ಟು ಅದುಮಿಸಿದ. ಫ್ರೆಂಚರ, ಇಂಗ್ಲಿಷರ ಬಲವನ್ನೂ ಅಳೆದ. 1807ರಲ್ಲಿ ಅವನು ಪ್ರಕಟಿಸಿದ ಪಟ್ಟಿಯಲ್ಲಿ ಮೂಲನಿವಾಸಿಗಳು ಕೆಳಗೆ, ಯೂರೋಪಿನವರು ಮೇಲೆ. ನಾಗರಿಕತೆ ಇಲ್ಲದವರಿಗೆ ಬಲವೂ ಇಲ್ಲ ಎಂಬುದು ಅವನ ತೀರ್ಮಾನ.

ಎಂಥ ತೀರ್ಮಾನ ನೋಡಿ! ಎಂದೂ ಕಾಣದ ಉಕ್ಕಿನ ಪಟ್ಟಿ. ಅದನ್ನು ಕೊಟ್ಟವನು ಹಡಗಿನಿಂದಿಳಿದ ಅಪರಿಚಿತ. ಅವನ ಭಾಷೆ ಇವರಿಗೆ ತಿಳಿಯದು. ಯಾಕೆ ಅದುಮಬೇಕು, ಎಷ್ಟು ಅದುಮಬೇಕು ಎಂದು ಅರ್ಥವಾಗುವ ಹಾಗೆ ಹೇಳುವವರಿಲ್ಲ. ಹೀಗಿರುವಾಗ ಮುಳ್ಳು ತೋರಿಸಿದ್ದು ಬಲವನ್ನೋ, ಸಂಕೋಚವನ್ನೋ? ಯಂತ್ರ ಸುಳ್ಳು ಹೇಳದಿರಬಹುದು. ಯಂತ್ರ ಹಿಡಿಸಿದವನು ಅಂಕಿಯನ್ನು ತನಗೆ ಬೇಕಾದ ಹಾಗೆ ಓದಬಹುದು. ಮನೆಯ ಭಾಷೆ ಅರಿಯದವರ ಮುಂದೆ ನಿಂತು ಪರೀಕ್ಷೆಗೆ ಒಳಗಾಗುವುದು ಹೇಗಿರುತ್ತದೆ ಎಂದು ಗಡಿನಾಡಿನ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬೆಲ್ಜಿಯಂ ದೇಶದ ಅಂಕಿಅಂಶ ಪಂಡಿತ ಕೆಟೆಲೆ ಮುಂದೆ ಈ ವಿಷಯವನ್ನು ಹೆಚ್ಚು ಎಚ್ಚರದಿಂದ ನೋಡಿದ. 1835ರ ತನ್ನ ಗ್ರಂಥದಲ್ಲಿ ಅವನು ವಯಸ್ಸಿಗೆ ಅನುಗುಣವಾಗಿ ಬಲದ ಪಟ್ಟಿಗಳನ್ನು ಕೊಟ್ಟ. ಇಪ್ಪತ್ತೈದು, ಮೂವತ್ತರ ಹೊತ್ತಿಗೆ ಬಲ ತುದಿ ಮುಟ್ಟಿ, ಬಳಿಕ ಮೆಲ್ಲಮೆಲ್ಲಗೆ ಇಳಿಯುತ್ತದೆ ಎಂದು ಅದರಿಂದ ತಿಳಿಯಿತು. ಜೊತೆಗೆ ಅವನು ಒಂದು ತೊಡಕನ್ನೂ ಗುರುತಿಸಿದ. ಬೇರೆ ಬೇರೆಯವರು ಅಳೆದ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅಂಗೈಯ ಅಗಲ, ಬೆರಳಿನ ಉದ್ದ ಒಬ್ಬೊಬ್ಬರದು ಒಂದೊಂದು. ಉಪಕರಣದ ಹಿಡಿ ಮಾತ್ರ ಎಲ್ಲರಿಗೂ ಒಂದೇ. ಸಣ್ಣ ಕೈಯವರಿಗೆ ಅದು ಅನ್ಯಾಯ. ಈ ತೊಡಕು ಬಿಡಿಸಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

1884ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಪ್ರದರ್ಶನ ನಡೆಯಿತು. ಅಲ್ಲಿ ಫ್ರಾನ್ಸಿಸ್ ಗಾಲ್ಟನ್ ಒಂದು ಅಳತೆಯ ಮಳಿಗೆ ತೆರೆದ. ಮೂರು ಪೆನ್ನಿ ಕೊಟ್ಟು ಒಳಹೊಕ್ಕವರ ಎತ್ತರ, ತೂಕ, ಉಸಿರು, ದೃಷ್ಟಿ ಅಳೆಯುತ್ತಿದ್ದರು. ಕೈ ಅದುಮುವ ಬಲ, ಎಳೆಯುವ ಬಲವನ್ನೂ ಅಳೆಯುತ್ತಿದ್ದರು. ಅಲ್ಲಿ ಅಳೆಸಿಕೊಂಡವರು 9,337 ಮಂದಿ. ಐದು ವರ್ಷದ ಮಕ್ಕಳಿಂದ ಎಂಬತ್ತರ ವೃದ್ಧರವರೆಗೆ. ಜನಸಾಮಾನ್ಯರ ಬಲದ ಅಂಕಿಗಳು ಇಷ್ಟೊಂದು ಸಂಖ್ಯೆಯಲ್ಲಿ ದೊರಕಿದ್ದು ದೊಡ್ಡ ಸಂಗತಿಯೇ. ಆದರೆ ಗಾಲ್ಟನ್ ಮನುಷ್ಯರನ್ನು ಮೇಲು ತಳಿ, ಕೀಳು ತಳಿ ಎಂದು ವಿಂಗಡಿಸಬೇಕೆಂಬ ವಾದದ ಮೂಲಪುರುಷ ಎಂಬುದನ್ನೂ ಮರೆಯಬಾರದು. ಅಳತೆ ಅವನಿಗೂ ಶ್ರೇಣಿ ಕಟ್ಟುವ ಸಾಧನವಾಗಿತ್ತು. ನರಳುವವರ ನೆರವಿಗೆ ಅದು ಇನ್ನೂ ಬಂದಿರಲಿಲ್ಲ.

ನೆರವಿನ ಕಡೆಗೆ ಅದು ತಿರುಗಿದ್ದು ಪೋಲಿಯೊ ಕಾಲದಲ್ಲಿ. 1910ರ ದಶಕದಲ್ಲಿ ಅಮೆರಿಕದ ಈಶಾನ್ಯ ಭಾಗದಲ್ಲಿ ಈ ರೋಗ ಮಕ್ಕಳ ಕೈಕಾಲುಗಳನ್ನು ಸ್ವಾಧೀನ ತಪ್ಪಿಸುತ್ತಿತ್ತು. ಬಾಸ್ಟನ್ನಿನ ವೈದ್ಯ ರಾಬರ್ಟ್ ಲವೆಟ್ ಮತ್ತು ಅವರ ಸಹಾಯಕಿ ವಿಲ್ಹೆಲ್ಮಿನ್ ರೈಟ್ ಯಂತ್ರವನ್ನು ಪಕ್ಕಕ್ಕಿಟ್ಟು ಕೈಯಿಂದಲೇ ಪರೀಕ್ಷಿಸುವ ಕ್ರಮ ರೂಪಿಸಿದರು. ಮಗು ಕಾಲನ್ನು ನೆಲದ ಸೆಳೆತಕ್ಕೆ ಎದುರಾಗಿ ಎತ್ತಬಲ್ಲುದೇ? ಮೇಲಿನಿಂದ ಒತ್ತಿದರೂ ತಡೆದು ಹಿಡಿಯಬಲ್ಲುದೇ? ಎರಡನೆಯ ಮಹಾಯುದ್ಧದ ಹೊತ್ತಿಗೆ, 1940ರ ದಶಕದ ಆರಂಭದಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಗಾಯಗೊಂಡ ಸೈನಿಕರಿಗಾಗಿ ಸೊನ್ನೆಯಿಂದ ಐದರವರೆಗಿನ ದರ್ಜೆಗಳನ್ನು ಗೊತ್ತು ಮಾಡಿತು. ಸೊನ್ನೆ ಎಂದರೆ ಮಾಂಸಖಂಡ ಮಿಸುಕುವುದೇ ಇಲ್ಲ. ಮೂರು ಎಂದರೆ ನೆಲದ ಸೆಳೆತವನ್ನು ಗೆಲ್ಲುತ್ತದೆ. ಐದು ಎಂದರೆ ಪೂರ್ಣ ಬಲ. ಇಂದಿಗೂ ವೈದ್ಯರು 'ನನ್ನ ಕೈ ತಳ್ಳಿ ನೋಡೋಣ' ಎಂದು ಪರೀಕ್ಷಿಸುವುದು ಇದೇ ಕ್ರಮದಲ್ಲಿ.

ಪಾರ್ಶ್ವವಾಯು, ನರದ ಗಾಯಗಳಿಗೆ ಈ ಕ್ರಮ ಬಹಳ ಒಳ್ಳೆಯದು. ಮುಪ್ಪಿನ ನಿಶ್ಶಕ್ತಿಗೆ ಅಷ್ಟು ಸಾಲದು. ಯಾಕೆಂದರೆ ತೊಡೆಯ ಮಾಂಸಖಂಡ ದೇಹದಲ್ಲೇ ಬಹು ಬಲವಾದದ್ದು. ಅದರ ಬಲ ಸಾಕಷ್ಟು ಕುಗ್ಗಿದರೂ ವೈದ್ಯರ ಕೈಗೆ ಗಟ್ಟಿಯಾಗಿಯೇ ತೋರುತ್ತದೆ. ಚೀಟಿಯಲ್ಲಿ 'ಬಲ ಸರಿಯಾಗಿದೆ' ಎಂದು ಬರೆಸಿಕೊಂಡು ಬಂದ ತಾತ ಬಸ್ಸಿನ ಮೆಟ್ಟಿಲು ಹತ್ತಲಾರದೆ ನಿಲ್ಲುವುದು ಇದರಿಂದಲೇ.

ಮಾಂಸಖಂಡದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ದಾರಿಯೂ ಇತ್ತು. ಫ್ರಾನ್ಸಿನ ಡ್ಯುಶೆನ್ 1860ರ ದಶಕದಲ್ಲೇ ಅದಕ್ಕೊಂದು ಸೂಜಿ ಮಾಡಿದ್ದ. ಕೆಲವು ರೋಗಗಳ ಪತ್ತೆಗೆ ಇಂದಿಗೂ ಅಂಥ ಪರೀಕ್ಷೆ ಬೇಕಾಗುತ್ತದೆ. ಆದರೆ ಚೂರು ನೋಡಿ ಖಂಡದ ರಚನೆ ಹೇಳಬಹುದು. ಅಜ್ಜಿ ಬಾವಿಯಿಂದ ಕೊಡ ಎತ್ತುವರೇ ಇಲ್ಲವೇ ಎಂದು ಹೇಳಲಾಗದು.

1954ರಲ್ಲಿ ಅಮೆರಿಕದ ಬೆಕ್ಟಾಲ್ ಎಂಬ ವೈದ್ಯರು ಕೈಯ ಅಳತೆಗೆ ತಕ್ಕಂತೆ ಹಿಡಿಯನ್ನು ಹಿಂದೆ ಮುಂದೆ ಸರಿಸಬಹುದಾದ ಬಲಮಾಪಕದ ವಿಷಯ ಬರೆದರು. ಅದೇ ಜಮಾರ್ ಎಂಬ ಉಪಕರಣ. ಅದರ ಹಿಡಿಗೆ ಐದು ಸ್ಥಾನಗಳು. ಸಣ್ಣ ಕೈಗೂ ದೊಡ್ಡ ಕೈಗೂ ಹೊಂದುತ್ತದೆ. ಕೆಟೆಲೆ ಹೇಳಿದ್ದ ತೊಡಕಿಗೆ ಕೊನೆಗೂ ಪರಿಹಾರ ಸಿಕ್ಕಿತು. 1981ರಲ್ಲಿ ಅಳೆಯುವ ಭಂಗಿಯನ್ನೂ ಗೊತ್ತು ಮಾಡಿದರು: ಕುಳಿತಿರಬೇಕು, ತೋಳು ಪಕ್ಕೆಗೆ ಸೇರಿರಬೇಕು, ಮೊಣಕೈ ಮಡಚಿರಬೇಕು, ಮೂರು ಸಲ ಅದುಮಿ ಸರಾಸರಿ ತೆಗೆಯಬೇಕು. ಹೀಗೆ ಒಂದು ಊರಿನ ಅಂಕಿಯನ್ನು ಇನ್ನೊಂದು ಊರಿನ ಅಂಕಿಯ ಪಕ್ಕದಲ್ಲಿಡಲು ಸಾಧ್ಯವಾಯಿತು.

ಈ ಅಂಕಿಯ ಬೆಲೆ ಏನೆಂಬುದು ಮುಂದೆ ಗೊತ್ತಾಯಿತು. ಹವಾಯಿ ದ್ವೀಪದಲ್ಲಿ ನೆಲೆಸಿದ್ದ ಜಪಾನಿ ಮೂಲದ, 45ರಿಂದ 68 ವಯಸ್ಸಿನ ಆರು ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಗಂಡಸರ ಹಿಡಿತದ ಬಲವನ್ನು 1960ರ ದಶಕದಲ್ಲಿ ಅಳೆದಿಟ್ಟಿದ್ದರು. ಇಪ್ಪತ್ತೈದು ವರ್ಷಗಳ ಬಳಿಕ ಅವರ ಸ್ಥಿತಿ ನೋಡಿದರು. ನಡುವಯಸ್ಸಿನಲ್ಲೇ ಹಿಡಿತ ಸಡಿಲವಾಗಿದ್ದವರು ಮುಪ್ಪಿನಲ್ಲಿ ಪರಾವಲಂಬಿಗಳಾದದ್ದು ಹೆಚ್ಚು ಎಂದು 1999ರಲ್ಲಿ ಪ್ರಕಟವಾಯಿತು. 2015ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನ ಅದರಲ್ಲಿದ್ದರು. ಹಿಡಿತದ ಬಲ ಐದು ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇಕಡಾ 16ರಷ್ಟು ಏರುತ್ತದೆ ಎಂದು ಅದು ತಿಳಿಸಿತು. ಕೈಯ ಹಿಡಿತ ಕೈಯೊಂದರ ಸಂಗತಿಯಲ್ಲ. ಮೈಯ ಒಟ್ಟು ಸ್ಥಿತಿಯ ಕನ್ನಡಿ.

ಆದರೂ ನಮ್ಮನ್ನು ನಡೆಸುವುದು ಕಾಲು ತಾನೇ? ಕಾಲಿನ ಬಲ ಅಳೆಯಲು ಹೊರಟವರು ಒಂದು ಒಳ್ಳೆಯ ಕೆಲಸ ಮಾಡಿದರು. ಹೊಸ ಯಂತ್ರ ಹುಡುಕದೆ ಮನೆಯ ಕುರ್ಚಿಯನ್ನೇ ಹಿಡಿದರು. 1985ರಲ್ಲಿ ಚುಕಾ ಮತ್ತು ಮೆಕಾರ್ಟಿ ಎಂಬ ಅಮೆರಿಕದ ವೈದ್ಯರು, ಕುರ್ಚಿಯಿಂದ ಹತ್ತು ಸಲ ಎದ್ದು ಕೂರಲು ಎಷ್ಟು ಹೊತ್ತು ಬೇಕು ಎಂಬುದೇ ಕಾಲಿನ ಬಲಕ್ಕೆ ಅಳತೆ ಎಂದರು. 1986ರಲ್ಲಿ ಇಂಗ್ಲೆಂಡಿನ ಮಥಾಯಸ್, ನಾಯಕ್, ಐಸಾಕ್ಸ್ ಎಂಬ ಮೂವರು, ಕುರ್ಚಿಯಿಂದೆದ್ದು ನಡೆದು ಮರಳಿ ಬಂದು ಕೂರುವುದನ್ನು ಕಣ್ಣಿನಿಂದ ನೋಡಿ ದರ್ಜೆ ಕೊಡುವ ಕ್ರಮ ತಂದರು. 1991ರಲ್ಲಿ ಕೆನಡಾದ ಪಾಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಅದಕ್ಕೆ ಗಡಿಯಾರ ಸೇರಿಸಿದರು: ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು? 1994ರಲ್ಲಿ ಗುರಾಲ್ನಿಕ್ ಮತ್ತು ಸಂಗಡಿಗರು ಅಮೆರಿಕದ 71 ವರ್ಷ ಮೇಲ್ಪಟ್ಟ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ಮೂರು ಪರೀಕ್ಷೆ ನಡೆಸಿದರು: ಅಲುಗದೆ ನಿಲ್ಲುವುದು, ಸ್ವಲ್ಪ ದೂರ ನಡೆಯುವುದು, ಐದು ಸಲ ಎದ್ದು ಕೂರುವುದು. ಮುಂದೆ ಯಾರು ಪರರ ಆಸರೆಗೆ ಬೀಳುತ್ತಾರೆ ಎಂಬುದನ್ನು ಈ ಸರಳ ಪರೀಕ್ಷೆಗಳು ಮೊದಲೇ ಸೂಚಿಸಿದವು.

ಈ ನಡುವೆ ಮುಪ್ಪಿನ ನಿಶ್ಶಕ್ತಿಗೆ ಒಂದು ಹೆಸರೂ ಬಂದಿತ್ತು. 1988ರಲ್ಲಿ ಅಮೆರಿಕದಲ್ಲಿ ನಡೆದ ವಿದ್ವಾಂಸರ ಸಭೆಯೊಂದರಲ್ಲಿ ಇರ್ವಿನ್ ರೋಸೆನ್‌ಬರ್ಗ್, ಹೆಸರಿಲ್ಲದ ಕಾಯಿಲೆಯನ್ನು ಯಾರೂ ಲಕ್ಷಿಸುವುದಿಲ್ಲ ಎಂಬ ಭಾವದಿಂದ, ಗ್ರೀಕ್ ಮಾತುಗಳನ್ನು ಜೋಡಿಸಿ 'ಸಾರ್ಕೋಪೀನಿಯ' ಎಂದು ಕರೆದರು. ಮಾಂಸದ ಬಡತನ ಎಂದು ಅದರ ಅರ್ಥ. ಮೊದಮೊದಲು ಮಾಂಸಖಂಡದ ಗಾತ್ರವನ್ನೇ ನೋಡುತ್ತಿದ್ದರು. ಗಾತ್ರಕ್ಕಿಂತ ಬಲ ಮುಖ್ಯ ಎಂದು 2018ರಲ್ಲಿ ಯೂರೋಪಿನ ತಜ್ಞರು ಒಪ್ಪಿದರು. ಏಷ್ಯಾದ ತಜ್ಞರ ಕೂಟ 2019ರಲ್ಲಿ ಹೇಳಿದ ಮಿತಿ ಹೀಗಿದೆ: ಹಿಡಿತದ ಬಲ ಗಂಡಸರಲ್ಲಿ 28 ಕಿಲೋಗಿಂತ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆ ಇದ್ದರೆ, ಅಥವಾ ಐದು ಸಲ ಎದ್ದು ಕೂರಲು 12 ಸೆಕೆಂಡು ಇಲ್ಲವೇ ಅದಕ್ಕಿಂತ ಹೆಚ್ಚು ಬೇಕಾದರೆ, ಮುಂದಿನ ತಪಾಸಣೆ ಅಗತ್ಯ.

ಏಷ್ಯಾದವರಿಗೆ ಬೇರೆ ಮಿತಿ ಏಕೆ ಎಂದು ತಾವು ಕೇಳಬಹುದು. ದಕ್ಷಿಣ ಏಷ್ಯಾದವರ ಹಿಡಿತದ ಬಲ ಯೂರೋಪಿನವರದಕ್ಕಿಂತ ಸರಾಸರಿ ಕಡಿಮೆ ಎಂಬುದು ನಿಜ. ಪೆರಾನ್ ಇದ್ದಿದ್ದರೆ ನಮ್ಮನ್ನೂ ಪಟ್ಟಿಯ ಕೆಳಗೆ ಬರೆದು ಕೈತೊಳೆದುಕೊಳ್ಳುತ್ತಿದ್ದ. ಇಂದಿನ ವೈದ್ಯಶಾಸ್ತ್ರ ಮೈಯ ಗಾತ್ರ, ಹುಟ್ಟಿನಿಂದ ಸಿಕ್ಕ ಊಟ, ಮಾಡಿದ ದುಡಿಮೆ, ಬಂದುಹೋದ ಕಾಯಿಲೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಮ್ಮ ಜನರನ್ನು ನಮ್ಮ ಜನರೊಂದಿಗೇ ಹೋಲಿಸಬೇಕು ಎನ್ನುತ್ತದೆ. 2017-18ರಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಮುಂದಾಗಿ ನಡೆಸಿದ ವೃದ್ಧಾಪ್ಯದ ಸಮೀಕ್ಷೆಯಲ್ಲಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಹಿಡಿತದ ಬಲವನ್ನೂ ನಡಿಗೆಯನ್ನೂ ಮನೆಬಾಗಿಲಿಗೇ ಹೋಗಿ ಅಳೆದರು. ನಮ್ಮ ಹಿರಿಯರನ್ನು ನಮ್ಮದೇ ಅಂಕಿಗಳ ಪಕ್ಕದಲ್ಲಿಟ್ಟು ನೋಡಲು ಈಗ ದಾರಿಯಾಗಿದೆ.

ಅಳೆದು ಆಗುವುದೇನು, ಹೋದ ಬಲ ಬಂದೀತೇ ಎಂಬುದು ಎಲ್ಲರ ಮನಸ್ಸಿನ ಪ್ರಶ್ನೆ. ಇದಕ್ಕೆ 1990ರಲ್ಲಿ ಬಾಸ್ಟನ್ನಿನಿಂದ ಉತ್ತರ ಬಂತು. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ವೃದ್ಧರ ಆರೈಕೆಯ ಮನೆಯಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿಸಿದರು. ಮುಗಿಸಿದವರ ಕಾಲಿನ ಬಲ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಮಿಕ್ಕಿತು. ಇಬ್ಬರು ಕೋಲು ಬಿಟ್ಟು ನಡೆದರು. ತೊಂಬತ್ತರಲ್ಲೂ ಮಾಂಸಖಂಡ ದುಡಿಮೆಗೆ ಓಗೊಡುತ್ತದೆ! ಹಾಗಾದರೆ 'ವಯಸ್ಸಾಯಿತು, ಇನ್ನೇನು' ಎಂಬುದು ಉತ್ತರವಾಗಲಾರದು.

ಈ ಇತಿಹಾಸದಿಂದ ನಮ್ಮ ಮನೆಗೆ ಬರಬೇಕಾದದ್ದು ಒಂದು ಕುರ್ಚಿ, ಒಂದು ಗಡಿಯಾರ. ಮೊಣಕಾಲೆತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ; ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಎಚ್ಚರ. ಹಿರಿಯರು ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿಕೊಂಡು ಪೂರ್ತಿ ಎದ್ದು ನಿಂತು ಕೂರಲಿ. ಹೀಗೆ ಐದು ಸಲ. ಆತುರ ಬೇಡ, ಪಂದ್ಯವಲ್ಲ. ಮನೆಯವರೊಬ್ಬರು ಪಕ್ಕದಲ್ಲೇ ನಿಂತಿರಬೇಕು. ಕೈ ಊರದೆ ಒಂದು ಸಲವೂ ಏಳಲಾಗದಿದ್ದರೆ ಒತ್ತಾಯ ಮಾಡಬೇಡಿ. ಏಳಲಾಗುವುದಿಲ್ಲ ಎಂಬುದೇ ಫಲ. ಎದೆನೋವು, ತಲೆಸುತ್ತು ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಇನ್ನೊಂದು ಮಾತು. ಒಂದು ಬದಿಯ ಕೈಕಾಲು ಥಟ್ಟನೆ ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಮುಪ್ಪಿನ ನಿಶ್ಶಕ್ತಿಯಲ್ಲ. ಕುರ್ಚಿ ಹುಡುಕದೆ ಕೂಡಲೇ ಆಸ್ಪತ್ರೆಗೆ ಧಾವಿಸಿ.

ಸಿಕ್ಕ ಸೆಕೆಂಡುಗಳನ್ನು ತಾರೀಖಿನೊಂದಿಗೆ ಚೀಟಿಯಲ್ಲಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಹೀಗೆ ಬರೆದರೆ ಬಲ ಇಳಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ಮುಂದಿನ ಸಲ ಗಡಿಯಾಚೆಯ ಆಸ್ಪತ್ರೆಗೆ ಹೋದಾಗ ಚೀಟಿ ಜೊತೆಗಿರಲಿ. 'ಆಯಾಸ', 'ಕ್ಷೀಣ' ಎಂದು ಪದಕ್ಕೆ ತಡಕಾಡಬೇಕಿಲ್ಲ. 'ಜನವರಿಯಲ್ಲಿ 13 ಸೆಕೆಂಡು, ಏಪ್ರಿಲ್‌ನಲ್ಲಿ 19' ಎಂದು ತೋರಿಸಿದರೆ ಮಲಯಾಳ, ತಮಿಳು, ಮರಾಠಿ, ತೆಲುಗು, ಕೊಂಕಣಿ ಯಾವ ಭಾಷೆಯ ವೈದ್ಯರಿಗಾದರೂ ಅರ್ಥವಾಗುತ್ತದೆ. ಆಗ ಕಾರಣ ಹುಡುಕುವುದು, ಊಟ ಸರಿಪಡಿಸುವುದು, ತಕ್ಕ ವ್ಯಾಯಾಮ ಹೇಳಿಕೊಡುವುದು ಅವರ ಕೆಲಸ. ಅದನ್ನು ಕೇಳಿ ಪಡೆಯುವುದು ನಮ್ಮ ಹಕ್ಕು.

ಹಿರಿಯರ ಬಲ ಮನೆಯ ಬಲ. ಅದನ್ನು ವರ್ಷಕ್ಕೆ ನಾಲ್ಕು ಸಲವಾದರೂ ವಿಚಾರಿಸೋಣ.